ಬಾಣಸವಾಡಿಯಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ, ಸೂರಕ್ಕಿ ಇದೆ: ಫೋಟೋ ತೆಗೆಯೋರಿಗೆ ಒಂದು ಪಾಠ

ನಮ್ಮ ಕಾಲೇಜಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಫೋಟೋ ಬರುತ್ತೆ. ಕೆಂಪು ಹೂವಿನ ಪಕ್ಕ ಹೆಬ್ಬೆರಳಿನಷ್ಟು ಹಕ್ಕಿ, ಬಾಗಿದ ಕೊಕ್ಕು, ಅಲುಗಾಡಿ ಮಸುಕಾದ ಚಿತ್ರ. ಕೆಳಗೆ "ಬಾಣಸವಾಡಿಯಲ್ಲಿ ಹಮ್ಮಿಂಗ್‌ಬರ್ಡ್!" ಅಂತ ಬರಹ. ಅದಕ್ಕೆ ನಲವತ್ತು ಲೈಕು. ಲೈಕಿನ ಬಗ್ಗೆ ನಮ್ಮ ತಕರಾರಿಲ್ಲ, ಹೆಸರಿನ ಬಗ್ಗೆ ಇದೆ. ಯಾಕಂದ್ರೆ ಹಕ್ಕಿಯ ಹೆಸರು ತಪ್ಪಾದ್ರೆ ಫೋಟೋ ತೆಗೆಯೋ ವಿಧಾನವೂ ತಪ್ಪಾಗುತ್ತೆ. ಅದು ಹೇಗೆ ಅನ್ನೋದೇ ಈ ಲೇಖನದ ವಿಷಯ.

ಮೊದಲು ಹಕ್ಕಿ ಯಾವುದು ಅಂತ ನೋಡೋಣ

ಹಮ್ಮಿಂಗ್‌ಬರ್ಡ್‌ಗಳಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಜಾತಿಗಳಿವೆ. ಇವತ್ತು ಅವೆಲ್ಲ ಇರೋದು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ ಮಾತ್ರ. ಭಾರತದ ಕಾಡಲ್ಲೂ ಇಲ್ಲ, ಬಾಲ್ಕನಿಯಲ್ಲೂ ಇಲ್ಲ. ತಮಾಷೆ ಏನಂದ್ರೆ, ಮೂರು ಕೋಟಿ ವರ್ಷಕ್ಕೂ ಹಳೆಯದಾದ ಹಮ್ಮಿಂಗ್‌ಬರ್ಡ್ ಪಳೆಯುಳಿಕೆ ಜರ್ಮನಿಯಲ್ಲಿ ಸಿಕ್ಕಿದೆ. ವಿಜ್ಞಾನಿ ಗೆರಾಲ್ಡ್ ಮಾಯ್ರ್ ಅದನ್ನು 2004ರಲ್ಲಿ ವಿವರಿಸಿದರು. ಅಂದರೆ ಒಂದು ಕಾಲದಲ್ಲಿ ನಮ್ಮ ಕಡೆಯ ಭೂಭಾಗದಲ್ಲೂ ಇವು ಹಾರಾಡ್ತಿದ್ದವು. ಈಗ ಇಲ್ಲ, ಅಷ್ಟೇ.

ಹಾಗಾದ್ರೆ ನಾವು ನೋಡೋದು ಏನು? ಬಹುತೇಕ ಸಲ ಅದು ಸೂರಕ್ಕಿ. ಇಂಗ್ಲಿಷಿನಲ್ಲಿ ಸನ್‌ಬರ್ಡ್. ಬೆಂಗಳೂರಿನಲ್ಲಿ ಮೂರು ಬಗೆಯ ಸೂರಕ್ಕಿಗಳು ಸಿಗ್ತವೆ.

ಮೊದಲನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಕಾಣೋದು, ಪರ್ಪಲ್-ರಂಪ್ಡ್ ಸನ್‌ಬರ್ಡ್. ಗಂಡಿಗೆ ಕಂದುಗೆಂಪು ಬೆನ್ನು, ಹಳದಿ ಹೊಟ್ಟೆ, ನೇರಳೆ ಕತ್ತು, ತಲೆ ಮೇಲೆ ಮಿರುಗುವ ಹಸಿರು. ಹೆಣ್ಣಿಗೆ ಬೂದು ಕತ್ತು, ತಿಳಿಹಳದಿ ಹೊಟ್ಟೆ. ಉದ್ದ ಹತ್ತು ಸೆಂಟಿಮೀಟರ್‌ಗಿಂತ ಕಡಿಮೆ. ತೂಕ ಸುಮಾರು 8 ಗ್ರಾಂ, ಹೆಚ್ಚುಕಡಿಮೆ ಒಂದು ಹತ್ತು ರೂಪಾಯಿ ನಾಣ್ಯದಷ್ಟು. ಎರಡನೆಯದು ನೇರಳೆ ಸೂರಕ್ಕಿ. ಗಂಡು ನೆರಳಲ್ಲಿ ಪೂರ್ತಿ ಕಪ್ಪು, ಬಿಸಿಲು ಬಿದ್ದರೆ ನೀಲಿ-ನೇರಳೆ. ಮೂರನೆಯದು ಲೋಟನ್ ಸೂರಕ್ಕಿ. ಇದರ ಕೊಕ್ಕು ಕುಡುಗೋಲಿನ ಹಾಗೆ ಉದ್ದವಾಗಿ ಬಾಗಿರುತ್ತೆ. 18ನೇ ಶತಮಾನದಲ್ಲಿ ಸಿಲೋನಿನ ಡಚ್ ಗವರ್ನರ್ ಆಗಿದ್ದ ಲೋಟನ್ ಅನ್ನುವವರ ಹೆಸರು ಇದಕ್ಕೆ ಬಂದಿದೆ.

ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಕೂರದೇ ಹೀರುವ ಇನ್ನೊಂದು ಜೀವಿಯನ್ನೂ ಜನ ಹಮ್ಮಿಂಗ್‌ಬರ್ಡ್ ಅಂತಾರೆ. ಅದು ಹಕ್ಕಿಯೇ ಅಲ್ಲ, ಪತಂಗ. ಇಂಗ್ಲಿಷಿನಲ್ಲಿ ಹಾಕ್-ಮಾತ್ ಅನ್ನೋ ಗುಂಪಿನದು. ತಲೆ ಮೇಲೆ ಎರಡು ಮೀಸೆ ಕಂಡ್ರೆ, ಕೊಕ್ಕಿನ ಬದಲು ನೂಲಿನಂಥ ಕೊಳವೆ ಕಂಡ್ರೆ ಅದು ಪತಂಗ. ಅನುಮಾನವೇ ಬೇಡ.

ಹೊರದೇಶದ ಪಾಠಗಳು ಏನು ಹೇಳ್ತವೆ

ಹಮ್ಮಿಂಗ್‌ಬರ್ಡ್ ಫೋಟೋಗ್ರಫಿ ಕಲಿಯೋಕೆ ಹೊರಟ್ರೆ ಸಿಗೋ ಪಾಠಗಳೆಲ್ಲ ಫ್ಲ್ಯಾಷ್ ಬಗ್ಗೆಯೇ ಇರ್ತವೆ. ಅದಕ್ಕೆ ಕಾರಣ ಇದೆ. ನಾವು ಎಂಜಿನಿಯರಿಂಗ್ ಓದೋರು, ಒಂದು ಸಣ್ಣ ಲೆಕ್ಕ ಮಾಡೋಣ.

ಉತ್ತರ ಅಮೆರಿಕದ ರೂಬಿ-ಥ್ರೋಟೆಡ್ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತೆ. ಒಂದು ಬಡಿತ ಅಂದ್ರೆ ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ. ಹಾಗಾಗಿ ಒಂದು ಕಡೆಯ ಬೀಸಿಗೆ ಸೆಕೆಂಡಿನ ನೂರರಲ್ಲಿ ಒಂದು ಭಾಗ. ರೆಕ್ಕೆ 4 ಸೆಂ.ಮೀ. ಉದ್ದ, ಅದು 120 ಡಿಗ್ರಿ ತಿರುಗುತ್ತೆ ಅಂತ ಇಟ್ಕೊಳ್ಳಿ. 120 ಡಿಗ್ರಿ ಅಂದ್ರೆ ಸುಮಾರು 2.1 ರೇಡಿಯನ್. ರೆಕ್ಕೆಯ ತುದಿ ಒಂದು ಬೀಸಿನಲ್ಲಿ 8.4 ಸೆಂ.ಮೀ. ಹೋಗುತ್ತೆ. ವೇಗ ಸೆಕೆಂಡಿಗೆ 8.4 ಮೀಟರ್.

ಈಗ ಶಟರ್ 1/1000 ಸೆಕೆಂಡ್ ತೆರೆದಿದ್ರೆ ರೆಕ್ಕೆಯ ತುದಿ 8.4 ಮಿ.ಮೀ. ಸರಿದಿರುತ್ತೆ. ಚಿತ್ರದಲ್ಲಿ ರೆಕ್ಕೆ ಬರೀ ಹೊಗೆ. 1/4000ಕ್ಕೆ ಹೋದ್ರೂ 2.1 ಮಿ.ಮೀ. ಮಸುಕು. ಅದೇ 1/20,000 ಸೆಕೆಂಡಿನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಹೆಚ್ಚಿನ ಕ್ಯಾಮೆರಾಗಳ ಶಟರ್ ಅಷ್ಟು ವೇಗವಾಗಿ ಓಡಲ್ಲ. ಆದರೆ ಫ್ಲ್ಯಾಷ್‌ನ ಶಕ್ತಿಯನ್ನು ಕಡಿಮೆ ಮಾಡಿದಷ್ಟೂ ಅದರ ಬೆಳಕಿನ ಅವಧಿಯೂ ಚಿಕ್ಕದಾಗುತ್ತೆ. ಸುತ್ತಲ ಬೆಳಕನ್ನು ಪೂರ್ತಿ ಅಡಗಿಸಿ, ಫ್ಲ್ಯಾಷ್ ಬೆಳಕಲ್ಲಿ ಮಾತ್ರ ಚಿತ್ರ ತೆಗೆದರೆ ಫ್ಲ್ಯಾಷೇ ಶಟರ್ ಆಗಿಬಿಡುತ್ತೆ.

ಇದನ್ನು ಸಾಧಿಸಿದವರು ನಮ್ಮ ಥರದವರೇ. ಎಂಐಟಿಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಹೆರಾಲ್ಡ್ ಎಡ್ಜರ್ಟನ್ ಹೈ-ಸ್ಪೀಡ್ ಫ್ಲ್ಯಾಷನ್ನು ಬೆಳೆಸಿದರು. ಅದೇ ಎಂಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಡ್ಯುಪಾಂಟ್ ಕಂಪನಿಯ ಅಧ್ಯಕ್ಷರಾಗಿದ್ದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಇಂಥ ಫ್ಲ್ಯಾಷ್ ಹಿಡಿದು ಹಮ್ಮಿಂಗ್‌ಬರ್ಡ್‌ಗಳ ಹಿಂದೆ ತಿರುಗಿ, 1960ರಲ್ಲಿ ಅವುಗಳ ಮೇಲೆಯೇ ಒಂದು ದೊಡ್ಡ ಪುಸ್ತಕ ತಂದರು. ಇವತ್ತಿಗೂ ಆ ಕಡೆ ನಡೆಯೋದು ಹೆಚ್ಚುಕಡಿಮೆ ಅದೇ ಪದ್ಧತಿ: ನಾಲ್ಕೈದು ಫ್ಲ್ಯಾಷ್, ಸಕ್ಕರೆ ನೀರು ಹಾಕಿದ ಹೂವು, ಹಿಂದೆ ಕಪ್ಪಾಗದಿರಲಿ ಅಂತ ಮುದ್ರಿಸಿದ ಹಸಿರು ಪರದೆ.

ಈ ಪಾಠವನ್ನು ಇದ್ದಹಾಗೇ ಬಾಣಸವಾಡಿಗೆ ತಂದರೆ ಎರಡು ತೊಂದರೆ. ಒಂದು, ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ. ಎರಡು, ಅದಕ್ಕಿಂತ ಮುಖ್ಯವಾದದ್ದು, ಸೂರಕ್ಕಿಗೆ ಇದು ಯಾವುದೂ ಬೇಕಾಗಿಲ್ಲ.

ಸೂರಕ್ಕಿ ಕೂರುತ್ತೆ

ಹಮ್ಮಿಂಗ್‌ಬರ್ಡ್ ರೆಕ್ಕೆಯನ್ನು ಭುಜದಿಂದಲೇ ಎಂಟರ ಆಕಾರದಲ್ಲಿ ತಿರುಗಿಸುತ್ತೆ. ಕೆಳಬೀಸಿನಲ್ಲಿ ಸುಮಾರು ಮುಕ್ಕಾಲು ಪಾಲು ಎತ್ತುವ ಬಲ, ಮೇಲ್ಬೀಸಿನಲ್ಲಿ ಇನ್ನುಳಿದ ಕಾಲು ಪಾಲು ಸಿಗುತ್ತೆ ಅಂತ 2005ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. ಅದಕ್ಕೇ ಅದು ಗಾಳಿಯಲ್ಲಿ ಆರಾಮಾಗಿ ನಿಲ್ಲಬಲ್ಲದು. ಸೂರಕ್ಕಿಗೆ ಆ ಭುಜ ಇಲ್ಲ. ಒಂದೆರಡು ಕ್ಷಣ ಗಾಳಿಯಲ್ಲಿ ನಿಲ್ಲುತ್ತೆ, ಆಮೇಲೆ ಕೂತೇ ಕುಡಿಯಬೇಕು. ತೊಟ್ಟು ಹಿಡಿದು, ತಲೆಕೆಳಗಾಗಿ ಜೋತು, ಹೇಗೋ ಕೂರುತ್ತೆ.

ಇದಕ್ಕೆ ಒಂದು ಚೆಂದದ ಉದಾಹರಣೆ ನಮ್ಮ ಸುತ್ತಲೇ ಇದೆ. ಎಚ್‌ಆರ್‌ಬಿಆರ್ ಲೇಔಟ್ ಕಡೆ (ಹೆಣ್ಣೂರು ರಸ್ತೆ-ಬಾಣಸವಾಡಿ ರಸ್ತೆ ಅನ್ನೋದರ ಚಿಕ್ಕ ರೂಪ ಅದು) ಅಪಾರ್ಟ್‌ಮೆಂಟುಗಳ ಕಾಂಪೌಂಡ್ ಪಕ್ಕ ಕಿತ್ತಳೆ-ಕೆಂಪು ಕೊಳವೆ ಹೂವಿನ ಪೊದೆ ನೋಡಿರ್ತೀರಿ. ನರ್ಸರಿಯವರು ಅದಕ್ಕೆ ಹಮೇಲಿಯಾ ಅಂತಾರೆ. ಅದರ ತವರು ಅಮೆರಿಕದ ಉಷ್ಣವಲಯ. ಅಲ್ಲಿ ಅದಕ್ಕೆ ಹಮ್ಮಿಂಗ್‌ಬರ್ಡ್ ಪೊದೆ ಅನ್ನೋ ಹೆಸರೂ ಇದೆ. ಗಿಡ ಸಮುದ್ರ ದಾಟಿ ಬಂತು, ಅದರ ಹಕ್ಕಿ ಬರಲಿಲ್ಲ. ಆ ಖಾಲಿ ಕೆಲಸಕ್ಕೆ ನಮ್ಮ ಸೂರಕ್ಕಿ ಸೇರಿಕೊಂಡಿತು. ಗಾಳಿಯಲ್ಲಿ ನಿಂತು ಕುಡಿಯೋರಿಗಾಗಿ ಬೆಳೆದ ಹೂವನ್ನು ಇದು ಪಕ್ಕದ ಕಡ್ಡಿ ಹಿಡಿದು ಕುಡಿಯುತ್ತೆ. ಕೊಳವೆ ತುಂಬಾ ಉದ್ದ ಇರೋ ಹೂವಾದ್ರೆ ಸೂರಕ್ಕಿಗಳು ಬುಡದಲ್ಲೇ ತೂತು ಮಾಡಿ ಮಕರಂದ ಕದಿಯೋದೂ ಉಂಟು.

ಹಾಗಾಗಿ ನಮ್ಮ ಸಮಸ್ಯೆ "ರೆಕ್ಕೆಯನ್ನು ಹೇಗೆ ನಿಲ್ಲಿಸೋದು" ಅನ್ನೋದಲ್ಲ. "ಮುಂದಿನ ಸಲ ಯಾವ ಕಡ್ಡಿ ಮೇಲೆ ಕೂರುತ್ತೆ" ಅನ್ನೋದು. ಮೊದಲ ಸಮಸ್ಯೆಗೆ ಸಾಮಾನು ಬೇಕು. ಎರಡನೆಯದಕ್ಕೆ ಸುಮ್ಮನೆ ನೋಡೋ ತಾಳ್ಮೆ ಸಾಕು.

ಎಲ್ಲಿ ನಿಲ್ಲಬೇಕು

ಹೂವು ಹುಡುಕಿ, ಹಕ್ಕಿ ತಾನಾಗೇ ಬರುತ್ತೆ. ಬಾಣಸವಾಡಿಯಲ್ಲಿ ನೋಡಬೇಕಾದ ಗಿಡಗಳು ಇವು: ಹಮೇಲಿಯಾ, ದಾಸವಾಳ, ಹಳೇ ಮನೆಗಳ ಹಿತ್ತಲಿನ ನುಗ್ಗೆ ಮರ ಮತ್ತು ಬಾಳೆ, ರಸ್ತೆ ಬದಿಯ ನೀರುಕಾಯಿ ಮರ. ಮಾವಿನ ಕೊಂಬೆಯಲ್ಲಿ ಬದನಿಕೆ ಹೂಬಿಟ್ಟಿದ್ರಂತೂ ಬಿಡಲೇಬೇಡಿ. ಬದನಿಕೆ ಮರಕ್ಕೆ ಕಂಟಕ, ಸೂರಕ್ಕಿಗೆ ಕ್ಯಾಂಟೀನ್.

ಗಿಡ ಸಿಕ್ಕಮೇಲೆ ಮೊದಲ ಇಪ್ಪತ್ತು ನಿಮಿಷ ಕ್ಯಾಮೆರಾ ಬ್ಯಾಗಲ್ಲೇ ಇರಲಿ. ಒಂದು ಹೂವಿನ ಮಕರಂದ ಖಾಲಿಯಾದ್ರೆ ಮತ್ತೆ ತುಂಬೋಕೆ ಸಮಯ ಬೇಕು. ಅದಕ್ಕೇ ಹಕ್ಕಿ ಒಂದು ಸುತ್ತು ಹಾಕಿಕೊಂಡು ಅದೇ ಗಿಡಕ್ಕೆ ವಾಪಸ್ ಬರುತ್ತೆ, ನಮ್ಮ ಬಿಎಂಟಿಸಿ ಬಸ್ಸಿನ ಹಾಗೆ ಅದಕ್ಕೂ ಒಂದು ರೂಟು. ಯಾವ ಕಡೆಯಿಂದ ಬಂತು, ಮೊದಲು ಎಲ್ಲಿ ಕೂತಿತು, ಎಷ್ಟು ನಿಮಿಷಕ್ಕೆ ಮತ್ತೆ ಬಂತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು ಸುತ್ತು ಬರೆದ್ರೆ ನಾಲ್ಕನೇ ಸುತ್ತು ಎಲ್ಲಿ ಅನ್ನೋದನ್ನು ನೀವೇ ಊಹಿಸಬಹುದು. ಆಗ ಕ್ಯಾಮೆರಾ ತೆಗೆದು ಆ ಕಡ್ಡಿಗೇ ಫೋಕಸ್ ಮಾಡಿ ಕಾಯಿರಿ.

ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಇದು ಎಲ್ಲ ಫೋಟೋಗೂ ಹೇಳೋ ಮಾತೇ, ಆದರೆ ಸೂರಕ್ಕಿಗೆ ಇದು ಕಡ್ಡಾಯ. ಅದರ ಮಿರುಗುವ ಹಸಿರು, ನೇರಳೆ ಬಣ್ಣಗಳು ಬರೀ ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ಗರಿಯ ಒಳಗಿನ ಅತಿ ತೆಳುವಾದ ಪದರಗಳಲ್ಲಿ ಬೆಳಕಿನ ಅಲೆಗಳು ಪ್ರತಿಫಲಿಸಿ ಒಂದಕ್ಕೊಂದು ಸೇರೋದರಿಂದ ಆ ಬಣ್ಣ ಹುಟ್ಟುತ್ತೆ. ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಓದಿದ ಥಿನ್ ಫಿಲ್ಮ್ ಇಂಟರ್‌ಫೆರೆನ್ಸ್ ನೆನಪಿದೆಯಲ್ವಾ? ಅದೇ ತತ್ವ. ಕೋನ ತಪ್ಪಿದ್ರೆ ಹಸಿರು ಹೋಗಿ ಕಪ್ಪಾಗುತ್ತೆ. ಎಡಿಟಿಂಗ್‌ನಲ್ಲಿ ಎಷ್ಟು ಎಳೆದಾಡಿದ್ರೂ ಅದು ವಾಪಸ್ ಬರಲ್ಲ.

ಎಷ್ಟು ಬೆಳಕು, ಎಷ್ಟು ದೂರ

ಇನ್ನೆರಡು ಲೆಕ್ಕ. ಒಂದು ಹಳೇ ನಿಯಮ ಇದೆ: ಚೆನ್ನಾಗಿ ಬಿಸಿಲಿದ್ದಾಗ ಎಫ್/16 ಇಟ್ಟರೆ ಶಟರ್ ವೇಗ 1 ಭಾಗಿಸು ಐಎಸ್‌ಒ. ಐಎಸ್‌ಒ 400 ಆದ್ರೆ 1/400. ನಾವು ಎಫ್/5.6ಕ್ಕೆ ಬಂದ್ರೆ ಮೂರು ಸ್ಟಾಪ್ ಹೆಚ್ಚು ಬೆಳಕು, ಅಂದ್ರೆ 1/3200. ಕೂತ ಹಕ್ಕಿಗೆ ಇದು ಧಾರಾಳ. ಗಿಡದ ನೆರಳಲ್ಲಿ ಸುಮಾರು ಮೂರು ಸ್ಟಾಪ್ ಕಳ್ಕೊಳ್ತೀವಿ, ಮತ್ತೆ 1/400ಕ್ಕೆ ಬಂದ್ವಿ. ಆಗ ಐಎಸ್‌ಒ 1600 ಮಾಡಿದ್ರೆ 1/1600 ಸಿಗುತ್ತೆ. ಸೂರಕ್ಕಿ ತಲೆಯನ್ನು ಚಕಚಕ ಅಂತ ತಿರುಗಿಸ್ತಾನೇ ಇರುತ್ತೆ, ಆದ್ದರಿಂದ 1/1000ಕ್ಕಿಂತ ಕೆಳಗೆ ಹೋಗದಿರೋದು ಒಳ್ಳೇದು. ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು ಕಂಡ್ರೆ ಕಾಣಲಿ, ಕಣ್ಣು ಚೂಪಾಗಿರಬೇಕು.

ದೂರದ ಲೆಕ್ಕ ಹೀಗೆ. 300 ಮಿ.ಮೀ. ಲೆನ್ಸ್, ನಾಲ್ಕು ಮೀಟರ್ ದೂರ, ಹತ್ತು ಸೆಂಟಿಮೀಟರ್ ಹಕ್ಕಿ. ಸೆನ್ಸರ್ ಮೇಲೆ ಚಿತ್ರ ಸುಮಾರು 8 ಮಿ.ಮೀ. ಬರುತ್ತೆ. ಕಾಲೇಜಿನ ಹುಡುಗರ ಕೈಯಲ್ಲಿರೋ ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 23 ಮಿ.ಮೀ. ಹಾಗಾಗಿ ಹಕ್ಕಿ ಚೌಕಟ್ಟಿನ ಮೂರನೇ ಒಂದು ಭಾಗ ತುಂಬುತ್ತೆ. ಇದು ಬೇಕಾದಷ್ಟಾಯ್ತು. ಇನ್ನೂ ಹತ್ತಿರ ಹೋಗೋ ಅಗತ್ಯ ಇಲ್ಲ. ಈ ದೂರದಲ್ಲಿ ಎಫ್/5.6ಕ್ಕೆ ಚೂಪಾಗಿ ಕಾಣೋ ಆಳ ಮೂರೂವರೆ ನಾಲ್ಕು ಸೆಂಟಿಮೀಟರ್ ಮಾತ್ರ. ಅದಕ್ಕೇ ಹಕ್ಕಿ ಪಕ್ಕಕ್ಕೆ ತಿರುಗಿದಾಗ, ಕಣ್ಣಿಗೆ ಫೋಕಸ್ ಇಟ್ಟು ಒತ್ತಿ.

ಕ್ಯಾಮೆರಾ ಇಲ್ಲದೋರು ಬೇಜಾರು ಮಾಡ್ಕೋಬೇಡಿ. ಅದು ಪದೇ ಪದೇ ಬರೋ ಹೂವು ಯಾವುದು ಅಂತ ಗೊತ್ತಾದ ಮೇಲೆ, ಹಕ್ಕಿ ಇಲ್ಲದಾಗ ಫೋನನ್ನು ಒಂದು ಸ್ಟ್ಯಾಂಡಿನಲ್ಲಿ ಒಂದು ಮೀಟರ್ ದೂರದಲ್ಲಿ ಇಟ್ಟು, ವಿಡಿಯೋ ಆನ್ ಮಾಡಿ, ನೀವು ದೂರ ಹೋಗಿ ನಿಲ್ಲಿ. 4ಕೆ ವಿಡಿಯೋದ ಒಂದು ಫ್ರೇಮ್ ಅಂದ್ರೆ ಸುಮಾರು 8 ಮೆಗಾಪಿಕ್ಸೆಲ್ ಚಿತ್ರ. ನಮ್ಮ ಪತ್ರಿಕೆಗೆ ಅಷ್ಟು ಸಾಕು. ಫೋನಿನಲ್ಲಿ 240 ಫ್ರೇಮಿನ ಸ್ಲೋ ಮೋಷನ್ ಇದ್ರೆ, ಅದು ಕೊಕ್ಕನ್ನು ಹೂವಿನ ಬಾಯಿಗೆ ಹಾಕ್ತಾ ಅಥವಾ ಬುಡಕ್ಕೆ ತೂತು ಮಾಡ್ತಾ ಅನ್ನೋದೂ ಗೊತ್ತಾಗುತ್ತೆ.

ಗೂಡಿನ ವಿಷಯ

ಇಲ್ಲಿವರೆಗೆ ಓದಿದ್ದನ್ನು ಮರೆತರೂ ಪರವಾಗಿಲ್ಲ, ಈ ಭಾಗ ನೆನಪಿಟ್ಟುಕೊಳ್ಳಿ.

ಸೂರಕ್ಕಿ ನಮ್ಮ ಹತ್ತಿರವೇ ಗೂಡು ಕಟ್ಟುತ್ತೆ. ಬಾಲ್ಕನಿಯ ಬಳ್ಳಿ, ಪೋರ್ಟಿಕೋದಲ್ಲಿ ನೇತಾಡೋ ವೈರು, ಬಟ್ಟೆ ಒಣಗಿಸೋ ಹಗ್ಗದ ತುದಿ, ಎಲ್ಲಿ ಬೇಕಾದ್ರೂ. ಹೆಣ್ಣು ಹಕ್ಕಿ ಜೇಡರ ಬಲೆ, ನಾರು, ತೊಗಟೆ ಚೂರು, ಒಣ ಎಲೆ ಸೇರಿಸಿ ಒಂದು ಜೋತಾಡೋ ಚೀಲ ಮಾಡುತ್ತೆ. ಪಕ್ಕದಲ್ಲಿ ಒಂದು ಬಾಗಿಲು, ಅದರ ಮೇಲೆ ಪುಟ್ಟ ಚಜ್ಜ. ದೂರದಿಂದ ನೋಡಿದ್ರೆ ಬಲೆಗೆ ಸಿಕ್ಕ ಕಸದ ಹಾಗೆ ಕಾಣುತ್ತೆ. ಕಸದ ಹಾಗೆ ಕಾಣೋದೇ ಅದರ ರಕ್ಷಣೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಎರಡು ವಾರ, ಮರಿಗಳು ಹಾರೋಕೆ ಇನ್ನೂ ಎರಡೂವರೆ ವಾರ. ಒಟ್ಟು ಒಂದು ತಿಂಗಳ ಮೇಲೆ.

ಫೋಟೋದವರಿಗೆ ಇದಕ್ಕಿಂತ ಸುಲಭದ ಅವಕಾಶ ಇಲ್ಲ. ಹಕ್ಕಿ ಐದೈದು ನಿಮಿಷಕ್ಕೆ ಅದೇ ಜಾಗಕ್ಕೆ ಬಂದೇ ಬರುತ್ತೆ. ಸಮಸ್ಯೆ ಇರೋದೂ ಅಲ್ಲೇ. ಬಾಣಸವಾಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ಗುಂಪಿನವರೇ ನೋಡಿದ್ದು ಇದು: ಗೂಡು ಸರಿಯಾಗಿ ಕಾಣಲಿ ಅಂತ ಯಾರೋ ಮುಂದಿನ ಎಲೆಗಳನ್ನು ಕತ್ತರಿಸಿದ್ರು. ಫೋಟೋ ಚೆನ್ನಾಗಿಯೇ ಬಂದಿತ್ತು. ಆದರೆ ಅವರಿಗೆ ಕಂಡ ಗೂಡು ಕಾಗೆಗೂ ಕಂಡಿತು. ಎರಡು ದಿನ ಬಿಟ್ಟು ನೋಡಿದಾಗ ಚೀಲ ಹರಿದು ನೇತಾಡ್ತಿತ್ತು. ಹೆಣ್ಣು ಹಕ್ಕಿ ಬಾಯಲ್ಲಿ ಹುಳ ಹಿಡ್ಕೊಂಡು ಆ ವೈರಿನ ಸುತ್ತ ತಿರುಗ್ತಾನೇ ಇತ್ತು.

ಎಲೆ ಕತ್ತರಿಸದಿದ್ರೂ ಹತ್ತಿರ ನಿಲ್ಲೋದೇ ಹಾನಿ. ಎಂಟು ಗ್ರಾಂ ದೇಹಕ್ಕೆ ತೂಕಕ್ಕೆ ಹೋಲಿಸಿದ್ರೆ ಹೊರಮೈ ತುಂಬಾ ಜಾಸ್ತಿ, ಶಾಖ ಬೇಗ ಹೋಗುತ್ತೆ, ಹಾಗಾಗಿ ದಿನವಿಡೀ ತಿನ್ನಲೇಬೇಕು. ಮರಿಗಳಿಗೆ ಮಕರಂದ ಸಾಲದು, ಹುಳ, ಜೇಡ ತಂದು ಹಾಕಬೇಕು. ನಾವು ಗೂಡಿನ ಮುಂದೆ ಅರ್ಧ ಗಂಟೆ ನಿಂತ್ರೆ ಆ ಅರ್ಧ ಗಂಟೆ ಮರಿಗಳು ಉಪವಾಸ. ಕಾನೂನೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದನ್ನೂ ಬೇಟೆ ಅನ್ನೋ ಪದದ ಅರ್ಥದಲ್ಲೇ ಸೇರಿಸಿದೆ. ಬಂದೂಕು ಹಿಡಿದ್ರೆ ಮಾತ್ರ ಬೇಟೆ ಅಂತ ಅಂದ್ಕೋಬೇಡಿ.

ಆದ್ದರಿಂದ ನಾಲ್ಕು ಮಾತು:

ಗೂಡು ಕಂಡ್ರೆ ಕ್ಯಾಮೆರಾ ಕೆಳಗಿಡಿ. ಜಾಗವನ್ನು ಗುಂಪಿನಲ್ಲಿ ಹಾಕಬೇಡಿ. ತೋಟದ ಅಣ್ಣಂಗೆ, ಸೆಕ್ಯೂರಿಟಿ ಅಂಕಲ್‌ಗೆ "ಒಂದು ತಿಂಗಳು ಈ ಕೊಂಬೆ ಕತ್ತರಿಸಬೇಡಿ" ಅಂತ ಕೇಳಿಕೊಳ್ಳಿ. ಚೆನ್ನಾಗಿ ಹೇಳಿದ್ರೆ ಖಂಡಿತ ಕೇಳ್ತಾರೆ.

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಅದು ಊಟ ಬಿಟ್ಟು ಜಗಳಕ್ಕೆ ಬರುತ್ತೆ.

ಪಾರ್ಕಿಂಗ್‌ನಲ್ಲಿ ಬೈಕಿನ ಕನ್ನಡಿಗೆ ಸೂರಕ್ಕಿ ಕುಕ್ಕೋದು ನೋಡಿರಬಹುದು. ಅದು ಆಟವಲ್ಲ, ಪ್ರತಿಬಿಂಬವನ್ನು ಶತ್ರು ಅಂತ ತಿಳಿದು ಹೊಡೆದಾಡ್ತಿದೆ. ರೀಲ್ ಮಾಡೋ ಬದಲು ಕನ್ನಡಿಗೆ ಒಂದು ಬಟ್ಟೆ ಮುಚ್ಚಿ.

ಹೂವಿಗೆ ಸಕ್ಕರೆ ನೀರು ಚುಚ್ಚಬೇಡಿ. ಅದರ ಬದಲು ಹಾಸ್ಟೆಲ್ ಹಿಂದೆ ಒಂದು ಹಮೇಲಿಯಾ ಕಡ್ಡಿ ನೆಡಿ.

ನಿಮಗೊಂದು ಅಸೈನ್‌ಮೆಂಟ್

ಮುಂದಿನ ಸಂಚಿಕೆಗೆ ಸೂರಕ್ಕಿ ಫೋಟೋಗಳನ್ನು ಕಳಿಸಿ. ಫೋಟೋ ಜೊತೆ ಕನ್ನಡದಲ್ಲಿ ಮೂರೇ ಸಾಲು ಬರೆಯಿರಿ: ಯಾವ ಸೂರಕ್ಕಿ, ಗಂಡೋ ಹೆಣ್ಣೋ, ಯಾವ ಹೂವು, ಒಂದು ಸಲ ಹೋಗಿ ಎಷ್ಟು ನಿಮಿಷಕ್ಕೆ ಮತ್ತೆ ಬಂತು. ಇಂಗ್ಲಿಷ್ ಮೀಡಿಯಂನವರು ಕಾಗುಣಿತಕ್ಕೆ ಹೆದರಬೇಡಿ, ನಾವೂ ಅಲ್ಲಿಂದಲೇ ಬಂದೋರು, ಕೂತು ತಿದ್ದೋಣ. ಚಿತ್ರ ಸ್ವಲ್ಪ ಮಸುಕಾದ್ರೂ ಹಾಕ್ತೀವಿ. ಗೂಡಿನ ಚಿತ್ರ ಎಷ್ಟೇ ಚೆನ್ನಾಗಿದ್ರೂ ಹಾಕಲ್ಲ. ಮೂರನೇ ಸಾಲು ಖಾಲಿ ಬಿಟ್ಟವರಿಗೆ ಇನ್ನೊಂದು ಇಪ್ಪತ್ತು ನಿಮಿಷ ಗಿಡದ ಮುಂದೆ ನಿಲ್ಲೋ ಶಿಕ್ಷೆ.